ಬೆನ್ನ ಮೇಲಿನ ಕೈ

ಹೊರಡುವ ಹೊತ್ತಿಗೆ ಜಯಮಾಲಾ ಕೈಗಡಿಯಾರ ಬಿಚ್ಚಿ ಬ್ಯಾಗಿನ ಒಳಜೇಬಿಗೆ ಹಾಕಿದಳು. ಬಲಗೈಗೆ, ಮುಖ ಒಳಮಗ್ಗುಲಿಗೆ ಬರುವಂತೆ ಕಟ್ಟಿಕೊಳ್ಳುವ ಗಡಿಯಾರ. ಸಾಲೆಯ ನೌಕರಿ ಸಿಕ್ಕಾಗ ಮೊದಲ ಪಗಾರದಲ್ಲಿ ಕೊಂಡದ್ದು. ಅಂದಿನಿಂದ ಜಳಕದ ಹೊತ್ತು ಬಿಟ್ಟರೆ ಅದು ಅವಳ ಕೈ ಬಿಟ್ಟಿರಲಿಲ್ಲ. ಬಿಚ್ಚಿದ ಜಾಗದಲ್ಲಿ ಪಟ್ಟಿಯ ಗುರುತು ಬೆಳ್ಳಗೆ ಎದ್ದು ಕಂಡಿತು. ಗಡಿಯಾರವಿದ್ದರೆ ಬರೀ ಗಡಿಯಾರ ಕಾಣುತ್ತದೆ, ಬಿಚ್ಚಿದರೆ ಬಿಚ್ಚಿದ್ದು ಇನ್ನೂ ಹೆಚ್ಚು ಕಾಣುತ್ತದೆ. ಬಳೆಗಳನ್ನು ಏರಿಸಿ ಮುಚ್ಚಲು ನೋಡಿದಳು, ಅವು ಜಾರಿದವು. ಗಂಡ ರಾಜರತ್ನ ಪೇಪರು ಓದುತ್ತ ಕುಳಿತಿದ್ದ. ಪಂಚಾಯತಿ ಕಚೇರಿಯಲ್ಲಿ ದಿನವಿಡೀ ಮಂದಿಯ ತಪ್ಪು ಹುಡುಕಿ ಸಂಬಳ ತರುವ ಆಸಾಮಿ, ಮನೆಯಲ್ಲೂ ಕಣ್ಣಿಗೆ ರಜೆ ಕೊಡುವವನಲ್ಲ. “ಗಡಿಯಾರ ಯಾಕ ತಗದಿ?” ಎಂದ. “ಸೆಲ್ ಹೋಗೇತಿ” ಎಂದಳು. ಬ್ಯಾಗಿನೊಳಗೆ ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅವಳು ಪ್ರತಿ ವರ್ಷ ಐದನೆಯ ಇಯತ್ತೆಯ ಹುಡುಗರಿಗೆ ನಗುನಗುತ್ತ ಬಿಡಿಸಿ ಹೇಳುತ್ತಾಳೆ. ಆ ಕಳ್ಳನ ಮೇಲೆ ಅವಳಿಗೆ ಕನಿಕರ ಬಂದದ್ದು ಇವತ್ತೇ ಮೊದಲು.

ರಾಯಾಪುರದ ಒಂದು ಸಭಾಭವನದಲ್ಲಿ ಮಕ್ಕಳ ಚಿತ್ರಪುಸ್ತಕಗಳ ಚರ್ಚೆ ಇತ್ತು. ‘ಒಪ್ಪಿಗೆ ಮತ್ತು ಸಾಮಾಜಿಕ ಸಂದೇಶ’ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಚರ್ಚೆ ಮುಗಿದ ಮೇಲೆ, ಸುತ್ತಲಿನ ಸಾಲೆಗಳಿಗೆ ಯಾವ ಪುಸ್ತಕ ಕಳಿಸಬೇಕೆಂದು ಚರ್ಚೆ ಏರ್ಪಡಿಸಿದ್ದ ಪ್ರಕಾಶನ ಸಂಸ್ಥೆಯವರು ಅಲ್ಲಿಯೇ ತೀರ್ಮಾನಿಸುವುದಿತ್ತು. ಉಜ್ಮಾಳ ‘ರೊಟ್ಟಿ ಗಲ್ಲ’ದ ಮೇಲೆ ಮಾತಾಡಬೇಕಾದವಳು ಜಯಮಾಲಾ. ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎಂದಾರು ಅಂತ ಹೂಂ ಎಂದಿದ್ದಳು; ಹೂಂ ಎಂದದ್ದೂ ಹೊಟ್ಟೆಕಿಚ್ಚಿಗೇ. ಉಜ್ಮಾ ಯಾರು? ಗಬ್ಬೂರಿನ ಬೈಪಾಸಿನ ಹತ್ತಿರ ಲಾರಿಗಳಿಗೆ ಬಣ್ಣ ಹೊಡೆಯುವ ಅಹಮದಸಾಬನ ಮಗಳು. ಅಪ್ಪನ ಡಬ್ಬಿಗಳಲ್ಲಿ ಉಳಿದ ಬಣ್ಣದಿಂದ ಚಿತ್ರ ಕಲಿತ ಹುಡುಗಿ. ಅವಳಿಗೆ ಮೊದಲು ಪುಸ್ತಕದ ಕೆಲಸ ಕೊಡಿಸಿದವಳು ತಾನು, ‘ಜಾಣೆ ಸುಜಾತಾ’ಕ್ಕೆ ಚಿತ್ರ ಬರೆಸಿದವಳು ತಾನು. ‘ಜಾಣೆ ಸುಜಾತಾ’ ಜಯಮಾಲಾಳ ಪುಸ್ತಕ. ಮಕ್ಕಳು ತಮ್ಮ ಮೈಯನ್ನು ತಾವು ಕಾಪಾಡಿಕೊಳ್ಳಬೇಕು, ಇಷ್ಟವಿಲ್ಲದ್ದಕ್ಕೆ ಬೇಡ ಅನ್ನಬೇಕು ಎಂದು ಪುಟಪುಟಕ್ಕೂ ಒಂದೊಂದು ಬುದ್ಧಿಮಾತು, ಕೊನೆಗೆ ಚೌಕಟ್ಟಿನೊಳಗೆ ನೀತಿ. ಬೇಸಿಗೆಯಲ್ಲಿ ತನ್ನ ತರಗತಿಯ ಹುಡುಗರೇ ಅದನ್ನು ಬೀಸಣಿಕೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಅದೇ ಹುಡುಗರು ‘ರೊಟ್ಟಿ ಗಲ್ಲ’ಕ್ಕಾಗಿ ಕಿತ್ತಾಡಿ ಒಂದು ಪುಟ ಹರಿದಿದ್ದರು. ಹರಿದದ್ದಕ್ಕೆ ಬೆತ್ತ ಹಿಡಿದು ಬೈದಳು. ತನ್ನ ಪುಸ್ತಕವನ್ನು ಒಬ್ಬನಾದರೂ ಹರಿಯಬಾರದಿತ್ತೇ ಅನ್ನಿಸಿ ಆ ಮಧ್ಯಾಹ್ನ ಊಟ ಸೇರಲಿಲ್ಲ.

‘ರೊಟ್ಟಿ ಗಲ್ಲ’ದಲ್ಲಿ ಕಥೆ ಅಂತ ಏನಿದೆ? ಚಿನ್ನಿ ಎಂಬ ಹುಡುಗಿ, ಉಬ್ಬಿದ ಗಲ್ಲದವಳು. ಮನೆಗೆ ಬಂದವರೆಲ್ಲ ಅವಳ ಗಲ್ಲ ಹಿಂಡುತ್ತಾರೆ. ಒಂದು ದಿನ ಚಿನ್ನಿ ಎರಡು ಚೂರು ಕಡಕ್ ರೊಟ್ಟಿಯನ್ನು ಗಲ್ಲಕ್ಕಿಟ್ಟು ಮೇಲೆ ಅರಿವೆ ಕಟ್ಟಿಕೊಳ್ಳುತ್ತಾಳೆ. ಮೀಸೆಯ ಮಾಮಾ ಬಂದು ಹಿಂಡುತ್ತಾನೆ, ಕಟ್ ಎಂದು ಮುರಿಯುತ್ತದೆ, ಮಾಮಾ ಹೌಹಾರಿ ಕೂಡುತ್ತಾನೆ, ಕೋಳಿ ಬಂದು ರೊಟ್ಟಿಯ ಪುಡಿ ಹೆಕ್ಕುತ್ತದೆ. ಕೊನೆಯ ಪುಟದಲ್ಲಿ ಚಿನ್ನಿ ಎರಡೂ ಅಂಗೈಗಳನ್ನು ಗಲ್ಲಕ್ಕೆ ಇಟ್ಟುಕೊಂಡು ‘ಬ್ಯಾಡ’ ಎನ್ನುತ್ತಾಳೆ. ಮುಗಿಯಿತು. ನೀತಿಯಿಲ್ಲ, ಚೌಕಟ್ಟಿಲ್ಲ. ಅವ್ವನೂ ಇಲ್ಲ, ಎಂದರೆ ಅವ್ವನ ಮುಖವಿಲ್ಲ. ಎಲ್ಲ ಪುಟಗಳಲ್ಲೂ ಚಿನ್ನಿಯ ಬೆನ್ನ ಮೇಲೆ ಒಂದು ಕೈ ಮಾತ್ರ, ಅವಳನ್ನು ಬಂದವರ ಕಡೆಗೆ ಮೆಲ್ಲಗೆ ನೂಕುವ ಕೈ. ಬಲಗೈ. ಮಣಿಕಟ್ಟಿನ ಒಳಮಗ್ಗುಲಲ್ಲಿ ಒಂದು ಸಣ್ಣ ಗಡಿಯಾರ.

“ನಾ ಒಲ್ಲೆ ಅವ್ವಾ, ನೀ ಒಬ್ಬಾಕಿನಽ ಹೋಗು” ಎಂದು ಋತುಜಾ ಬಾಗಿಲಿಗೆ ಆತುಕೊಂಡು ನಿಂತಳು. ನಾಲ್ಕನೆಯ ಇಯತ್ತೆಯ ಹುಡುಗಿ. ರಜೆಯ ದಿನ ಸಭೆಗೆ ಬಾ ಎಂದರೆ ಯಾರು ಬರುತ್ತಾರೆ? “ಉಜ್ಮಾ ಬರತಾಳಲ್ಲ ಅಲ್ಲೆ” ಎಂದಳು ಜಯಮಾಲಾ. “ಆಪಾ ಬರತಾಳ?” ಹುಡುಗಿಯ ಮುಖ ಅರಳಿತು. ಚಪ್ಪಲಿ ಹುಡುಕಲು ಓಡಿದಳು. ಅವ್ವ ಕರೆದರೆ ಒಲ್ಲೆ, ಆಪಾ ಎಂದರೆ ಚಪ್ಪಲಿ. ಬೇಕೆಂದೇ ಹಾಕಿದ ಗಾಳ, ಬೇಕಾದ ಹಾಗೆಯೇ ಕಚ್ಚಿತ್ತು, ಆದರೂ ಜಯಮಾಲಾಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಹುರಿದಂತಾಯಿತು. ಮಗಳನ್ನು ಇವತ್ತು ಕರೆದೊಯ್ಯುವುದು ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೆದುರು ಕೇಳುವುದಿತ್ತು: ಒಪ್ಪಿಗೆಯ ಮೇಲೆ ಪುಸ್ತಕ ಬರೆದವಳು ಯಾರ ಒಪ್ಪಿಗೆ ಕೇಳಿದಳು? ನಮ್ಮ ಮನೆಯಲ್ಲಿ ಅವಲಕ್ಕಿ ತಿಂದು, ನಮ್ಮ ಮನೆಯ ಕೂಸಿನ ಸಂಕಟವನ್ನು ಎತ್ತಿಕೊಂಡು ಹೋಗಿ ಅಚ್ಚು ಹಾಕಿಸಿದಳಲ್ಲ, ಹಡೆದವ್ವನನ್ನು ಒಂದು ಮಾತು ಕೇಳಿದಳೇ? ಅಷ್ಟಾದರೆ ಸಾಕು. ಪುಸ್ತಕ ಅಲ್ಲಿಯೇ ನಿಲ್ಲುತ್ತದೆ. ಸಾಲೆಸಾಲೆಗೆ ತನ್ನ ಕೈ ಹೋಗುವುದು ತಪ್ಪುತ್ತದೆ.

ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಋತುಜಾ, ಈ ಕಡೆ ಅವಳು. ಹುಡುಗಿ ಕಿಟಕಿಯ ಗಾಜಿಗೆ ಉಸಿರು ಹಾಕಿ ಬೆರಳಿನಿಂದ ಕೋಳಿ ಬರೆದಳು, ಒರೆಸಿದಳು, ಮತ್ತೆ ಬರೆದಳು. ಮೂರೇ ಗೆರೆಯಲ್ಲಿ ಕೋಳಿ. ಅದು ಉಜ್ಮಾಳ ಕೋಳಿ. ತಾನು ಮಗಳಿಗೆ ಕಲಿಸಿದ್ದೇನು? ಮಗ್ಗಿ, ಬುದ್ಧವಂದನೆ, ದುಂಡಗಿನ ಅಕ್ಷರ. ‘ಜಾಣೆ ಸುಜಾತಾ’ಕ್ಕೆ ಚಿತ್ರ ಬರೆಯಲು ಉಜ್ಮಾ ಮನೆಗೆ ಬಂದಿದ್ದ ಆ ಭಾನುವಾರವೂ ಹುಡುಗಿ ಅವಳ ಜೊತೆ ನೆಲದ ಮೇಲೆ ಬೋರಲು ಮಲಗಿ ಕೋಳಿ ಬರೆಯುತ್ತಿದ್ದಳು. ಉಜ್ಮಾಳ ಕೆಲಸದ ರೀತಿಯೇ ಹಾಗೆ, ಹಾಳೆಗಳನ್ನು ನೆಲದ ತುಂಬ ಹಾಸಿ, ಹಾರದಂತೆ ಬಟ್ಟಲು ಲೋಟ ಇಟ್ಟು, ಕೂಸುಗಳನ್ನು ಅದರ ನಡುವೆ ಬಿಡುವುದು. ಕೂಸು ಯಾವ ಹಾಳೆಯ ಹತ್ತಿರ ನಿಲ್ಲುವುದಿಲ್ಲವೋ ಆ ಹಾಳೆ ತೆಗೆಯುವುದು. ‘ಜಾಣೆ ಸುಜಾತಾ’ದ ಹಾಳೆಗಳನ್ನೆಲ್ಲ ಋತುಜಾ ದಾಟಿಕೊಂಡು ಅಡಿಗೆಮನೆಗೆ ಹೋಗಿದ್ದಳು. “ಅಕ್ಕಾರ, ಚಿತ್ರದಾಗ ಇದ್ದದ್ದನ್ನ ಮತ್ತ ಮಾತಿನ್ಯಾಗ ಯಾಕ ಹೇಳ್ತೀರಿ?” ಎಂದಿದ್ದಳು ಉಜ್ಮಾ, ತಪ್ಪು ಮಾಡಿದವಳಂತೆ ನಗುತ್ತ. ಅಷ್ಟರಲ್ಲಿ ಗುರುಬಸವ ಸರ್ ಬಂದರು.

ಗುರುಬಸವ ಸರ್ ಮಕ್ಕಳ ಪುಸ್ತಕ ಪ್ರಕಟಿಸುವ ಸಂಸ್ಥೆಯ ಅಧ್ಯಕ್ಷರು. ದೊಡ್ಡ ಮನೆತನ, ದೊಡ್ಡ ಮೀಸೆ, ದೊಡ್ಡ ನಗೆ. ತಾವಾಗಿ ಮನೆ ಹುಡುಕಿಕೊಂಡು ಬಂದಿದ್ದರು. “ನಿಮ್ಮ ಪುಸ್ತಕ ನಾವಽ ತರತೇವ್ರಿ ಅಕ್ಕಾರ” ಎಂದರು, ಸೋಫಾದಲ್ಲಿ ಆರಾಮಾಗಿ ಒರಗಿದರು, ಅವಲಕ್ಕಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡು ತಿಂದರು. ಅವರು ತಿನ್ನುವಾಗ ಜಯಮಾಲಾ ಬಾಗಿಲ ಮರೆಯಲ್ಲಿ ನಿಂತು ಅವರ ಬಾಯಿಯನ್ನೇ ನೋಡಿದ್ದಳು. ಆಮೇಲೆ ಅವರು ಋತುಜಾಳನ್ನು ಕರೆದರು. “ಏ ಪುಟ್ಟೀ, ಬಾ ಇಲ್ಲೆ. ಏನ್ ಗಲ್ಲ ಅದಾವಲೇ ನಿನ್ನವು!” ಹಿಂಡಿದರು. ಹುಡುಗಿಯ ಕಣ್ಣಲ್ಲಿ ನೀರು ಬರುವಷ್ಟು, ಆದರೆ ಬಲು ಪ್ರೀತಿಯಿಂದ. “ಮಾಮಾಗ ಒಂದು ಮುತ್ತು ಕೊಡು ನೋಡೂಣು” ಎಂದು ಗಲ್ಲ ಚಾಚಿದರು. ಹುಡುಗಿ ಹಿಂದೆ ಸರಿದಳು. ಸರಿದಾಗ ಅವಳ ಬೆನ್ನಿಗೆ ಏನೋ ತಾಗಿತು, ಅದು ಜಯಮಾಲಾಳ ಕೈ. “ಕೊಡವ್ವಾ, ಹಂಗ ನಾಚ್ಕೋಬಾರದು, ಮಾಮಾ ಎಷ್ಟು ದೊಡ್ಡವರದಾರ.” ಹುಡುಗಿ ಕೊಟ್ಟಳು. ಕೊಟ್ಟು ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ಬಾಯಿ ತೊಳೆದಳು. ಉಜ್ಮಾ ಹಾಳೆಗಳನ್ನು ಎತ್ತಿಡುತ್ತಿದ್ದವಳು ತಲೆಯೆತ್ತಿ ನೋಡಿ, ಮತ್ತೆ ಎತ್ತಿಡತೊಡಗಿದಳು. ಅಷ್ಟೇ ನಡೆದದ್ದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಗಂಜಿಯಲ್ಲಿ ಬಿದ್ದಿತ್ತಂತೆ. ಇಷ್ಟವಿಲ್ಲದ್ದಕ್ಕೆ ಬೇಡ ಅನ್ನಬೇಕು ಎಂಬ ಪುಸ್ತಕ ಅಚ್ಚಾಗಲೆಂದೇ ಅವಳು ಮಗಳನ್ನು ನೂಕಿದ್ದಳು.

ಅಚ್ಚಾಗಲೆಂದೇ? ಅದೊಂದೇ ಆಗಿದ್ದರೆ ಒಪ್ಪಿಕೊಂಡು ಹಗುರಾಗಬಹುದಿತ್ತು. ಬಸ್ಸು ನವನಗರ ದಾಟುವಾಗ ಜಯಮಾಲಾ ಕಣ್ಣು ಮುಚ್ಚಿದಳು. ತಾನು ಕಲಿತ ಸುಳ್ಳ ಊರಿನ ಸಾಲೆ. ಹಂಚಿನ ಮಾಡು, ಕಟ್ಟೆಯ ಮೇಲೆ ಮಾಸ್ತರರ ಕುರ್ಚಿ. ಲೆಕ್ಕ ಸರಿಯಾಗಿ ಬಿಡಿಸಿದ ಹುಡುಗಿಯರ ಗಲ್ಲ ಹಿಂಡಿ ಮಾಸ್ತರರು ಪೆಪ್ಪರ್ಮೆಂಟು ಕೊಡುತ್ತಿದ್ದರು. ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸಿದವಳು ಅರ್ಜುನಪ್ಪನ ಮಗಳು, ಮುಟ್ಟಬಾರದವರ ಕೇರಿಯ ಜಯಮಾಲಾ. ಅವಳ ಪಾಳಿ ಬಂದಾಗ ಮಾಸ್ತರರು “ಕೈ ಒಡ್ಡು” ಎಂದರು. ಒಡ್ಡಿದಳು. ಪೆಪ್ಪರ್ಮೆಂಟು ಮೇಲಿನಿಂದ ಅಂಗೈಗೆ ಬಿತ್ತು. ಅವರು ಬಯ್ಯಲಿಲ್ಲ, ಹೊಡೆಯಲಿಲ್ಲ, ನಕ್ಕರು ಸಹ. ಬೆರಳು ಮಾತ್ರ ಬರಲಿಲ್ಲ. ಮನೆಗೆ ಬಂದು ಅವಳು ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನ ಗಲ್ಲವನ್ನು ತಾನೇ ಹಿಂಡಿಕೊಂಡಳು, ಕೆಂಪಾಗುವವರೆಗೆ. ಹೆಂಗಿರುತ್ತದೆ ನೋಡಬೇಕಿತ್ತು. ಆ ಭಾನುವಾರ ಗುರುಬಸವ ಸರ್ ತನ್ನ ಮನೆಯ ಸೋಫಾದಲ್ಲಿ ಕುಳಿತು, ತನ್ನ ಮನೆಯ ಅವಲಕ್ಕಿ ತಿಂದು, ಅದೇ ಬೆರಳುಗಳಿಂದ ತನ್ನ ಮಗಳ ಗಲ್ಲ ಹಿಂಡಿದಾಗ ಜಯಮಾಲಾಳಿಗೆ ಎದೆ ತುಂಬಿ ಬಂದಿತ್ತು. ಹುಡುಗಿಯ ಕಣ್ಣೀರು ಕಾಣಲಿಲ್ಲ ಎಂದಲ್ಲ. ಕಂಡಿತು, ಮತ್ತು ಸಿಟ್ಟು ಬಂತು. ತನಗೆ ಸಿಗದದ್ದು ಕೇಳದೇ ಸಿಗುತ್ತಿದೆ, ಈ ಹುಡುಗಿ ಒಲ್ಲೆ ಎನ್ನುತ್ತಾಳೆ! ಹೆತ್ತ ಮಗಳ ಗಲ್ಲದ ಮೇಲೆ ಹೊಟ್ಟೆಕಿಚ್ಚು ಪಟ್ಟ ತಾಯಿ ಬೇರೆ ಯಾರಾದರೂ ಇದ್ದಾಳೋ ಇಲ್ಲವೋ. ಇದನ್ನು ಯಾವ ಪುಸ್ತಕದ ಯಾವ ಪುಟದಲ್ಲಿ ಬರೆಯುತ್ತಾರೆ? ಉಜ್ಮಾಗೆ ಇದೇನು ಗೊತ್ತು? ಅವಳು ಒಂದು ಕೈ ಬರೆದಳು. ಆ ಕೈಯ ಹಿಂದೆ ಒಂದು ಪೆಪ್ಪರ್ಮೆಂಟು ಬಿದ್ದ ಅಂಗೈ ಇತ್ತೆಂದು ಯಾರು ಬರೆಯಬೇಕು?

ಸಭಾಭವನದಲ್ಲಿ ಜಮಖಾನೆಯ ಮೇಲೆ ಹತ್ತಿರದ ಸಾಲೆಯ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ದೊಡ್ಡವರು. ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ‘ರೊಟ್ಟಿ ಗಲ್ಲ’ದ ಪುಟಗಳನ್ನು ದೊಡ್ಡದು ಮಾಡಿ, ಅರಿವೆ ಒಣಹಾಕುವ ಚಿಮುಟಿಗಳಿಂದ ಸಿಕ್ಕಿಸಿದ್ದರು. ಪುಸ್ತಕದಲ್ಲಿ ಬೆರಳುದ್ದದ ಕೈ ಇಲ್ಲಿ ಮೊಳದುದ್ದ ಇತ್ತು. ಗಡಿಯಾರದ ಮುಳ್ಳುಗಳೂ ಕಾಣುತ್ತಿದ್ದವು. ಜಯಮಾಲಾ ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು. “ಬರ್ರಿ ಅಕ್ಕಾರ” ಎಂದು ಉಜ್ಮಾ ಓಡಿ ಬಂದಳು. ದುಪಟ್ಟಾದ ಅಂಚಿಗೆ ಎಂದಿನಂತೆ ಬಣ್ಣ ಮೆತ್ತಿತ್ತು. ಅವಳು ಋತುಜಾಳ ಎದುರು ಕುಕ್ಕುರುಗಾಲಲ್ಲಿ ಕುಳಿತು ಎರಡೂ ಕೈ ಮುಂದೆ ಚಾಚಿ ಸುಮ್ಮನಿದ್ದಳು. ಋತುಜಾ ಒಂದು ಕ್ಷಣ ವಿಚಾರ ಮಾಡಿ ತಾನಾಗಿ ಹೋಗಿ ಅವಳ ಕೊರಳಿಗೆ ಬಿದ್ದಳು. ಕಿವಿಯಲ್ಲಿ ಏನೋ ಹೇಳಿದಳು. ಉಜ್ಮಾ ನಕ್ಕಳು. ಏನು ಹೇಳಿದಳು? ಮನೆಯಲ್ಲಿ ಸಾಲೆಯ ಸುದ್ದಿ ಕೇಳಿದರೆ “ಏನಿಲ್ಲ” ಎನ್ನುವ ಹುಡುಗಿ. ಹಡೆದದ್ದು ತಾನು, ಹಾಲುಣಿಸಿದ್ದು ತಾನು, ಜ್ವರ ಬಂದಾಗ ಎದ್ದು ಕೂತದ್ದು ತಾನು, ಕಿವಿಯ ಮಾತು ಮಾತ್ರ ಆ ಕಿವಿಗೆ. ಕಣ್ಣಿಗೆ ಖಾರ ಬಿದ್ದವಳಂತೆ ಜಯಮಾಲಾ ಆ ಕಡೆ ಮುಖ ತಿರುಗಿಸಿದಳು.

ಮೊದಲು ಉಜ್ಮಾ ಮಕ್ಕಳಿಗೆ ಪುಸ್ತಕ ಓದಿ ತೋರಿಸಿದಳು. ಕೊನೆಯ ಪುಟ ಬಂದಾಗ ಮಕ್ಕಳೆಲ್ಲ ಗಲ್ಲಕ್ಕೆ ಅಂಗೈ ಇಟ್ಟುಕೊಂಡು “ಬ್ಯಾಡ!” ಎಂದು ಕೂಗಿ, ಕೂಗಿದ್ದಕ್ಕೆ ತಾವೇ ಬಿದ್ದು ಬಿದ್ದು ನಕ್ಕರು. ಆಮೇಲೆ ಚರ್ಚೆ. ಗುರುಬಸವ ಸರ್ ಅಧ್ಯಕ್ಷರ ಕುರ್ಚಿಯಿಂದ ಮೀಸೆ ನೇವರಿಸುತ್ತ ಹೇಳಿದರು, “ಚಿತ್ರ ಭಾಳ ಚಂದ ಅದಾವು. ಆ ಮೀಸಿ ಮಾಮಾ ಅಂತೂ ಖರೇನಽ ಯಾರೋ ನಮ್ಮ ಪೈಕಿ ಇದ್ದಂಗ ಅದಾನ. ಆದ್ರ ಸಂದೇಶ ಎಲ್ಲೈತ್ರಿ? ಕೊನಿಗೆ ಒಂದು ನೀತಿ ಬೇಕಲ್ಲ. ನಮ್ಮ ಜಯಮಾಲಾ ಅಕ್ಕಾರ ಪುಸ್ತಕದಾಗ ನೋಡ್ರಿ, ಎಷ್ಟು ಸ್ವಚ್ಛ ಬರದಾರ.” ತಮ್ಮದೇ ಮೀಸೆ ಹಗ್ಗದ ಮೇಲೆ ತೂಗುತ್ತಿದೆಯೆಂದು ಅವರಿಗೆ ತಿಳಿದಿರಲಿಲ್ಲ. ತನ್ನ ಪುಸ್ತಕದ ಹೆಸರು ಬಂದದ್ದಕ್ಕೆ ಹಿಗ್ಗಬೇಕೋ, ಹೇಳಿದವರು ಯಾರೆಂದು ಕುಗ್ಗಬೇಕೋ ಜಯಮಾಲಾಳಿಗೂ ತಿಳಿಯಲಿಲ್ಲ. ಗಬ್ಬೂರಿನ ಅಂಗನವಾಡಿಯ ಸುಲ್ತಾನಾ ಎದ್ದು ನಿಂತಳು. “ಸರ್, ಈ ಪುಸ್ತಕ ಓದಿದ ಮ್ಯಾಲೆ ನಮ್ಮ ಹುಡುಗ್ರು ಮನ್ಯಾಗ ಬ್ಯಾಡ ಅನ್ನಾಕ ಹತ್ಯಾರ. ನೆಂಟರು ಸಿಟ್ಟಾಗತಾರ, ಅವರ ತಾಯಂದ್ರು ಬಂದು ನನ್ನ ಬೈತಾರ. ಬೈಲಿ ಬಿಡ್ರಿ. ನನ್ನ ಮಗಳು ಸಣ್ಣಾಕಿದ್ದಾಗ ಈ ಪುಸ್ತಕ ಇರಲಿಲ್ಲ ಅಂತ ನನಗ ಸಂಕಟ.” ಅಷ್ಟು ಹೇಳಿ ಕುಳಿತಳು, ಹೆಚ್ಚಿಗೆ ಯಾರೂ ಕೇಳಲಿಲ್ಲ. “ಹಿಂಗಾದ್ರ ಮನಿಗೆ ಮಂದಿ ಬರತಾರೇನವಾ? ಪ್ರೀತಿಲೇ ಮುಟ್ಟಿದ್ರೂ ತಪ್ಪಂದ್ರ ಹೆಂಗ?” ಎಂದರು ಗುರುಬಸವ ಸರ್, ನಿಜವಾಗಿಯೂ ಬೇಜಾರಿನಿಂದ. ಉಜ್ಮಾ ಮೆಲ್ಲಗೆ ಹೇಳಿದಳು, “ತಪ್ಪಂತ ಎಲ್ಲಿ ಬರದೇನ್ರಿ ಸರ್? ಕೂಸಿಗೆ ಬೇಕೋ ಬ್ಯಾಡೋ ಅಂತ ಕೂಸನ್ನ ಕೇಳ್ರಿ ಅಂದೇನಿ, ಅಷ್ಟಽ.”

ಕೂಸನ್ನ ಕೇಳ್ರಿ. ಆ ಮಾತು ಜಯಮಾಲಾಳನ್ನು ಎಬ್ಬಿಸಿ ನಿಲ್ಲಿಸಿತು. ಬರೆದುಕೊಂಡು ಬಂದ ಭಾಷಣ ಹೊಗಳಿಕೆಯಿಂದ ಶುರುವಾಗುತ್ತಿತ್ತು, ಅದನ್ನು ಬಿಟ್ಟಳು. “ನಂದೊಂದು ಪ್ರಶ್ನಿ. ಒಪ್ಪಿಗಿ ಬಗ್ಗೆ ಪುಸ್ತಕ ಬರಿಯೋರು ತಾವು ಒಪ್ಪಿಗಿ ಕೇಳಬೇಕೋ ಬ್ಯಾಡೋ? ಚಿನ್ನಿ ಅಂದ್ರ ಬರೇ ಚಿತ್ರ ಅಲ್ರಿ. ಆ ಕೂಸು ಐತಿ. ಆ ಮನಿ ಐತಿ.” ಉಜ್ಮಾಳ ಮುಖ ಬಿಳಿಚಿಕೊಂಡದ್ದನ್ನು ನೋಡಿ ಜಯಮಾಲಾಳಿಗೆ ಬಾಯಾರಿದಾಗ ನೀರು ಸಿಕ್ಕಂತಾಯಿತು. “ಆ ಕೂಸು ಇಲ್ಲೇ ಐತಿ. ಋತೂ, ಬಾ ಇಲ್ಲೆ.” ಋತುಜಾ ಜಮಖಾನೆಯಿಂದ ಏಳಲಿಲ್ಲ. “ಬಾ ಅಂದ್ನಿ.” ಎದ್ದಳು, ಮಕ್ಕಳ ಕಾಲುಗಳನ್ನು ದಾಟುತ್ತ ಬಂದಳು. ಜಯಮಾಲಾ ಅವಳನ್ನು ಸಭೆಯ ಕಡೆಗೆ ತಿರುಗಿಸಿ ನಿಲ್ಲಿಸಿದಳು. “ಹೇಳವ್ವಾ, ಎಲ್ಲಾರ ಮುಂದ ಹೇಳು. ನಮ್ಮ ಮನ್ಯಾಗ ಏನಾತು, ಯಾರು ಬಂದಿದ್ರು. ಹೇಳು, ಅಂಜಬ್ಯಾಡ.” ಗುರುಬಸವ ಸರ್ ಕುತೂಹಲದಿಂದ ಮುಂದೆ ಬಾಗಿದರು. ಹುಡುಗಿ ಹಿಂದೆ ಸರಿದಳು, ಸರಿದವಳ ಬೆನ್ನು ಅಂಗೈಗೆ ಬಂದು ತಾಗಿತು. ಫ್ರಾಕಿನ ಕೆಳಗೆ ರೆಕ್ಕೆಯೆಲುಬು ಹಕ್ಕಿಯದರಂತೆ ಅದುರುತ್ತಿತ್ತು. ಅಂಗೈಗೆ ಅದು ಗೊತ್ತಾಯಿತು. ಗೊತ್ತಾದ ಮೇಲೂ ಅದು ನೂಕಿತು. ಎದುರಿನ ಹಗ್ಗದ ಮೇಲೆ ಮೊಳದುದ್ದದ ಕೈ, ಹುಡುಗಿಯ ಬೆನ್ನು. ಇಲ್ಲಿ ಅದೇ ಕೈ, ಅದೇ ಬೆನ್ನು, ಮಣಿಕಟ್ಟಿನಲ್ಲಿ ಗಡಿಯಾರದ ಬದಲು ಗಡಿಯಾರದ ಬಿಳಿ ಗುರುತು. ಜಯಮಾಲಾ ಅದನ್ನು ನೋಡಿದಳು. ಕೈ ತೆಗೆಯಬೇಕೆಂದುಕೊಂಡಳು. ಅಷ್ಟರಲ್ಲಿ ಋತುಜಾ ಎರಡೂ ಅಂಗೈಗಳನ್ನು ಎತ್ತಿ ತನ್ನ ಗಲ್ಲಗಳ ಮೇಲೆ ಇಟ್ಟುಕೊಂಡಳು. ಕೂಗಲಿಲ್ಲ. ಸಭೆಯ ಕಡೆಗೂ ನೋಡಲಿಲ್ಲ. ಕತ್ತು ಹೊರಳಿಸಿ ಅವ್ವನ ಮುಖ ನೋಡಿ ಹೇಳಿದಳು, “ಬ್ಯಾಡ.”

ಮರುಕ್ಷಣ ಜಮಖಾನೆಯ ಮೇಲಿನ ಮಕ್ಕಳೆಲ್ಲ ಗಲ್ಲಕ್ಕೆ ಅಂಗೈ ಹಚ್ಚಿಕೊಂಡು “ಬ್ಯಾಡ!” ಎಂದು ಒಕ್ಕೊರಲಿನಿಂದ ಕೂಗಿದರು. ದೊಡ್ಡವರು ಗೊಳ್ಳೆಂದು ನಕ್ಕರು. ಗುರುಬಸವ ಸರ್ ಕುರ್ಚಿಯಿಂದ ಎದ್ದೇಬಿಟ್ಟು ಚಪ್ಪಾಳೆ ತಟ್ಟಿದರು. “ಭಲೇ ಅಕ್ಕಾರ! ಏನ್ ಛಲೋ ಮಾಡಿ ತೋರಿಸಿದ್ರಿ! ಪ್ರಶ್ನಿ ನೀವು ಹಾಕಿ, ಉತ್ತರ ಕೂಸಿನ ಕಡಿಂದ ಹೇಳಿಸಿದ್ರಿ. ನೋಡ್ರಿ, ಸಂದೇಶ ಅಂದ್ರ ಇದು. ನನಗ ಈಗ ತಿಳೀತು, ನೀತಿ ಬರಿಯೂದು ಬ್ಯಾಡ. ಪುಸ್ತಕ ಎಲ್ಲಾ ಸಾಲಿಗೂ ಹೋಗಲಿ.” ಚಪ್ಪಾಳೆ ಹೆಚ್ಚಾಯಿತು. ಅವ್ವ ಮಗಳು ಮನೆಯಿಂದಲೇ ಕಲಿತು ಬಂದ ಆಟ ಇದೆಂದು ಎಲ್ಲರೂ ತಿಳಿದಿದ್ದರು. ಜಯಮಾಲಾ ಕೈ ಮುಗಿದಳು, ಮತ್ತೇನು ಮಾಡುವುದು? ತನ್ನ ಬದುಕಿನಲ್ಲಿ ಇಷ್ಟು ದೊಡ್ಡ ಚಪ್ಪಾಳೆ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಚಪ್ಪಾಳೆ ತಟ್ಟದವರು ಇಬ್ಬರೇ: ಗಲ್ಲದಿಂದ ಇನ್ನೂ ಕೈ ತೆಗೆಯದ ಋತುಜಾ, ಗೋಡೆಗೆ ಆತು ನಿಂತ ಉಜ್ಮಾ.

ಚಹಾದ ಹೊತ್ತಿಗೆ ಉಜ್ಮಾ ಹತ್ತಿರ ಬಂದಳು. “ಅಕ್ಕಾರ, ನಿಮ್ಮನ್ನೂ ಕೇಳಬೇಕಾಗಿತ್ತು. ಋತೂನ್ನ ಕೇಳಿದ್ದೆ, ಪ್ರತಿ ಹಾಳಿ ತೋರಿಸಿ ಕೇಳಿದ್ದೆ. ನಿಮ್ಮನ್ನ ಕೇಳಾಕ ಅಂಜಿಕಿ ಆತು.” “ಯಾತರ ಅಂಜಿಕಿ?” “ನೀವು ಬ್ಯಾಡ ಅಂತಿದ್ರಿ. ಬ್ಯಾಡ ಅಂದ್ರ ಬಿಡಬೇಕಾಗತಿತ್ತು. ನನಗ ಆ ಪುಸ್ತಕ ಬೇಕಾಗಿತ್ರಿ.” ಕಣ್ಣು ತಗ್ಗಿಸಿ ನಿಂತಳು. ಬೆಳಗಿನಿಂದ ಜಯಮಾಲಾ ಹುಡುಕಿದ್ದು ಇದನ್ನೇ, ಉಜ್ಮಾಳ ತಪ್ಪನ್ನು, ಅವಳ ಬಾಯಿಂದಲೇ. ಸಿಕ್ಕಿತು. ಸಿಕ್ಕಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತನಗೂ ಒಂದು ಪುಸ್ತಕ ಬೇಕಾಗಿತ್ತು, ತಾನೂ ಮಗಳನ್ನು ಕೇಳಿರಲಿಲ್ಲ. “ಇರಲಿ ಬಿಡು” ಎಂದಳು. ದೊಡ್ಡ ಮನಸ್ಸಿನಿಂದ ಅಂದದ್ದಲ್ಲ. ಹಾಗೆಂದ ಮೇಲೂ ಉಜ್ಮಾಳ ದುಪಟ್ಟಾದ ಬಣ್ಣದ ಕಲೆಗಳ ಮೇಲೆ, ಅವಳ ಹರೆಯದ ಮೇಲೆ, ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳಬಲ್ಲ ಆ ಬಾಯಿಯ ಮೇಲೆ ಕೂಡ ಹೊಟ್ಟೆ ಉರಿಯಿತು.

ಮರಳುವ ಬಸ್ಸಿನಲ್ಲಿ ಋತುಜಾ ಗಾಜಿನ ಮೇಲೆ ಕೋಳಿ ಬರೆಯಲಿಲ್ಲ. ಇಬ್ಬರ ನಡುವೆ ಒಂದು ಗೇಣು ಜಾಗ ಬಿಟ್ಟು ಕುಳಿತಿದ್ದಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ಮಾತಾಡದೆ ಮನೆಗೆ ಹೋದರೆ ಆ ಗೇಣು ಹಾಗೆಯೇ ಉಳಿಯುತ್ತದೆ ಎಂದು ಜಯಮಾಲಾಳಿಗೆ ಭಯವಾಯಿತು. ಮಾತಾಡಲು ಬಾಯಿ ತೆಗೆದರೆ ಬಂದದ್ದು ಮತ್ತೆ ಅದೇ ಉರಿ: “ಆಪಾ ನಿನ್ನ ಎಲ್ಲಾ ಕೇಳಿದ್ಲಂತ. ನನಗ ಒಂದು ಮಾತು ಹೇಳಲಿಲ್ಲ ನೀ.”

ಋತುಜಾ ಕಿಟಕಿಯ ಕಡೆಗೆ ತಿರುಗಿದಳು. “ಮೊದಲ ಆಪಾ ಅವ್ವನ ಮುಖಾನೂ ಬರದಿದ್ಲು” ಎಂದಳು. “ನಿನ್ನಂಗಽ ಇತ್ತು. ಭಾಳ ಚಂದ ಇತ್ತು. ನಾನಽ ಬ್ಯಾಡ ಅಂದೆ.”

“ಯಾಕ?”

“ಎಲ್ಲಾರಿಗೂ ಗೊತ್ತಾಗತಿತ್ತಲ್ಲ, ನೀನಽ ಅಂತ.”

ಬಸ್ಸು ನಿಂತು ಮಂದಿ ಇಳಿದರು, ಮಂದಿ ಹತ್ತಿದರು. ಜಯಮಾಲಾ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಹಿಡಿದುಕೊಂಡು ಕುಳಿತಳು. ಮುಖವಿಲ್ಲದ ಆ ತಾಯಿಯನ್ನು ಅವಳು ತಿಂಗಳುಗಟ್ಟಲೆ ಶಪಿಸಿದ್ದಳು, ನನ್ನ ಮುಖವನ್ನೇ ಅಳಿಸಿ ಬರೀ ಕೈ ಮಾಡಿದಳು ಎಂದು ಉಜ್ಮಾಳನ್ನು ಒಳಗೊಳಗೆ ಬೈದಿದ್ದಳು. ಅಳಿಸಿದವಳು ಇಲ್ಲಿ, ಒಂದು ಗೇಣು ದೂರದಲ್ಲಿ, ಕಾಲು ನೆಲಕ್ಕೆ ತಾಗದೆ ಕುಳಿತಿದ್ದಾಳೆ. ತಾನು ಎಲ್ಲರೆದುರು ಅವಳನ್ನು ನಿಲ್ಲಿಸಲು ಕರೆದೊಯ್ದಿದ್ದಳು. ಅವಳು ಎಂದೋ ಅವ್ವನನ್ನು ಎಲ್ಲರಿಂದ ಮುಚ್ಚಿಟ್ಟಿದ್ದಳು.

ಕಣ್ಣು ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಾಗ ಬ್ಯಾಗಿನಿಂದ ಗಡಿಯಾರ ಬೆರಳಿಗೆ ತೊಡರಿ ಹೊರಗೆ ಬಂತು. ಜಯಮಾಲಾ ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಗೆ ಸುತ್ತಲು ನೋಡಿದಳು. ಬಸ್ಸಿನ ಕುಲುಕಾಟಕ್ಕೆ ಕೊಂಡಿ ಕೂಡಲಿಲ್ಲ, ಎರಡು ಸಲ ಜಾರಿ ತೊಡೆಯ ಮೇಲೆ ಬಿತ್ತು. ಋತುಜಾ ಅದನ್ನೇ ನೋಡುತ್ತಿದ್ದಳು.

“ಅವ್ವಾ, ನಾ ಕಟ್ಟಲೇನು?”

ಹುಡುಗಿಯ ಎರಡೂ ಕೈಗಳು ಗಾಳಿಯಲ್ಲಿ, ಗಡಿಯಾರದಿಂದ ಸ್ವಲ್ಪ ದೂರದಲ್ಲಿ ನಿಂತಿದ್ದವು, ಉತ್ತರಕ್ಕೆ ಕಾಯುತ್ತ. ಬೆಳಿಗ್ಗೆ ಉಜ್ಮಾ ಕುಕ್ಕುರುಗಾಲಲ್ಲಿ ಕುಳಿತು ಚಾಚಿದ್ದ ಹಾಗೆಯೇ. ಈ ಕೇಳುವುದನ್ನು, ಹೀಗೆ ಕಾಯುವುದನ್ನು ಮಗಳು ಕಲಿತದ್ದು ತನ್ನಿಂದಲ್ಲ. ಹೊಟ್ಟೆಯೊಳಗಿನ ಕಿಚ್ಚು ಒಂದು ಸಲ ಭಗ್ಗೆಂದು ಎದ್ದಿತು, ಅದು ಇನ್ನು ಆರುವಂಥದ್ದಲ್ಲ. ಈ ಕೈಯನ್ನು ಮುಟ್ಟಬಾರದೆಂದವರು ಇದ್ದರು, ಕೇಳದೆ ಮುಟ್ಟಿದವರು ಇದ್ದರು. ಮುಟ್ಟಲೇನು ಎಂದು ಕೇಳಿದವರು ಈವರೆಗೆ ಯಾರೂ ಇರಲಿಲ್ಲ.

“ಹೂಂ” ಎಂದು ಜಯಮಾಲಾ ಕೈ ಚಾಚಿದಳು.